ಅಕ್ಕನ ಕಿವಿಗೆ, ಹಟ್ಟಿಯ ಸಭೆಗೆ

ಗೊಲ್ಲರಹಟ್ಟಿ, ಬಾಗೂರು ಹತ್ತಿರ
ಹೊಸದುರ್ಗ ತಾಲ್ಲೂಕು
28-3-1976, ಭಾನುವಾರ

ಹಿರಿಯೂರು ಸೀಮೆಯಲ್ಲಿ ನಮ್ಮ ಅಕ್ಕ ಮುದ್ದಕ್ಕನ ಜಗಲಿಯ ಮೇಲೆ, ಜಗಲಿ ಸಾಲದೆ ಅಂಗಳದಲ್ಲಿ, ಅಂಗಳ ಸಾಲದೆ ಬೇಲಿಯ ಬದಿಯಲ್ಲಿ ಕುಂತಿರುವ ಮಹಾಜನಗಳೇ! ಹಿರಿಯರೇ, ತಾಯಂದಿರೇ, ಎಲೆ ಅಡಿಕೆ ಉಗುಳಲು ಜಾಗ ಹುಡುಕುತ್ತಿರುವ ನಮ್ಮ ಭಾವ ಕಾಟಲಿಂಗಪ್ಪನವರೇ! ನಿಮಗೆಲ್ಲ ಈ ಜುಂಜಪ್ಪನ ಸಾಷ್ಟಾಂಗ ನಮಸ್ಕಾರಗಳು.

ಕಾಗದ ಅಕ್ಕನಿಗೆ, ನಮಸ್ಕಾರ ನಮಗ್ಯಾಕೆ ಅಂತೀರಾ? ನನಗೆ ಗೊತ್ತಿಲ್ಲವೇ! ಅಕ್ಕನಿಗೆ ಓದು ಬರದು, ಕಿವಿಯೂ ಮಂದ. ಕಾಗದ ಬಂದರೆ ನಿಮ್ಮ ಹಟ್ಟಿಯಲ್ಲಿ ಓದು ಬಲ್ಲ ಪಾಲಯ್ಯ ಅವಳ ಬಲಗಿವಿಗೆ ಬಾಯಿಟ್ಟು ಕೂಗಿ ಓದಬೇಕು. ಅವನು ಕೂಗಿದರೆ ಹಟ್ಟಿಗೆ ಹಟ್ಟಿಯೇ ಕೆಲಸ ಬಿಟ್ಟು ಬಂದು ಕೂರುತ್ತದೆ. ನಮ್ಮ ಮನೆಯ ಗುಟ್ಟು ಯಾವ ಕಾಲಕ್ಕೆ ನಿಮ್ಮಲ್ಲಿ ಗುಟ್ಟಾಗಿ ಉಳಿದಿದೆ? ಅದಕ್ಕೇ ನಾನೇ ಪರದೆ ಮೇಲೆತ್ತಿಬಿಟ್ಟೆ. ಪಾಲಯ್ಯಾ, ಮಾತು ನುಂಗಬೇಡಪ್ಪ. ಎಲ್ಲಿ ಏರಿಸಬೇಕೋ ಅಲ್ಲಿ ಏರಿಸಿ ಓದು.

ಅಕ್ಕಾ, ವರ್ಷವೆಲ್ಲ ಕಾಗದ ಬರೆಯಲಿಲ್ಲ, ಮುಖ ತೋರಿಸಲಿಲ್ಲ ಅಂತ ಮುನಿಸಿಕೊಂಡಿದ್ದೀಯ. ತಪ್ಪಾಯಿತು. ಕೂಗದೆ ಮಾಡದೆ ಆಡಿದರೂ ನಿನಗೆ ಕೇಳಿಸುವ ಗಂಟಲು ಈ ಭೂಮಂಡಲದಲ್ಲಿ ಒಂದೇ ಒಂದು ಇತ್ತು, ಅದು ನಿನ್ನ ತಮ್ಮಂದು. ಈ ರಾಕ್ಷಸ ಸಂವತ್ಸರ ತನ್ನ ಹೆಸರಿಗೆ ತಕ್ಕ ಹಾಗೆ ನೇರ ಅದಕ್ಕೇ ಕೈ ಹಾಕಿತು. ಯುಗಾದಿ ಬಾಗಿಲಿಗೆ ಬಂದಿದೆ, ಹಳೆಯ ವರ್ಷ ಹೊರಟು ನಿಂತಿದೆ. ಅದು ಹೋಗುವ ಮುಂಚೆ ಏನು ಕಿತ್ತುಕೊಂಡಿತು, ಏನು ಕೊಟ್ಟಿತು, ಎಲ್ಲಾ ಹೇಳಿಬಿಡುತ್ತೇನೆ.

ಹೋದ ಯುಗಾದಿ ಕಳೆದ ಮೇಲೆ ಬಾಗೂರಿನಲ್ಲಿ ನಮ್ಮ ನಾಟಕ. ಎಂದಿನಂತೆ ರಾಜನ ಪಾರ್ಟು ನಂದು. ಆ ಸಲ ಹೊಸದುರ್ಗದಿಂದ ಮೈಕ್ ಸೆಟ್ಟು ತರಿಸಿದ್ದರು. ಕಬ್ಬಿಣದ ಕೋಲಿನ ತುದಿಗೆ ಬದನೆಕಾಯಿ ಸಿಗಿಸಿದಂಥ ಯಂತ್ರ. ಮೈಕಿನವನು, “ಯಜಮಾನ್ರೇ, ಇದರ ಮುಂದೆ ಪಿಸುಗುಟ್ಟಿದ್ರೂ ರಾಮಗಿರಿ ಸ್ಟೇಷನ್ನಿಗೆ ಕೇಳ್ತೈತೆ” ಅಂದ. ನಾನು ಕಿರೀಟ ಸರಿ ಮಾಡಿಕೊಂಡು, “ಲೇ, ನಾನು ಬರೀ ಬಾಯಲ್ಲಿ ಕೂಗಿದ್ರೆ ರಾಮಗಿರೀಲಿ ರೈಲೇ ನಿಲ್ತೈತೆ. ತೆಗಿಯೋ ಅತ್ಲಾಗೆ!” ಅಂದೆ. ಜನ ಅದೂ ಪಾರ್ಟಿನ ಮಾತೇ ಅಂದುಕೊಂಡು ಚಪ್ಪಾಳೆ ಹೊಡೆದರು.

ಅಲ್ಲಿಗೆ ಸುಮ್ಮನಾಗಬಾರದಿತ್ತೇ? ಯುದ್ಧದ ಸೀನು. ಶತ್ರು ರಾಜ ನಮ್ಮ ಹನುಮಂತಪ್ಪ, ಅವನ ಬಾಯಿಗೆ ಮೈಕು. ನನ್ನದು ಬರೀ ಬಾಯಿ. ಅವನು ಗುಡುಗಿದರೆ ನಾನು ಸಿಡಿಲು. ಅವನೂ ಸಿಡಿಲಾದರೆ ನಾನು ಪ್ರಳಯ! ಪ್ರಳಯದ ನಡುವೆ ಗಂಟಲೊಳಗೆ ಹಳೇ ಕಂಬಳಿ ಚರ್ರನೆ ಹರಿದ ಹಾಗಾಯಿತು. ಆಮೇಲೆ ಬಾಯಿ ಆಡುತ್ತಿತ್ತು, ಮಾತು ಇರಲಿಲ್ಲ.

ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ನನ್ನ ಹೆಂಡತಿ ಚಿತ್ತಮ್ಮನೇ ಕರೆದುಕೊಂಡು ಹೋದಳು. ಡಾಕ್ಟರು ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, “ಗಂಟಲಲ್ಲಿ ಗಂಟೈತೆ, ಕುಯ್ಯಬೇಕು. ಆಮೇಲೆ ನಾನು ಹೇಳೋವರ್ಗೂ ಒಂದು ಮಾತೂ ಆಡಂಗಿಲ್ಲ” ಅಂದರು.

“ಪಿಸುಮಾತು, ಸ್ವಾಮಿ?” ಚಿತ್ತಮ್ಮ ಕೇಳಿದಳು.

“ಅದೂ ಇಲ್ಲ.”

“ಬಯ್ಯೋದು?”

“ಅದಂತೂ ಇಲ್ಲವೇ ಇಲ್ಲ ಕಣಮ್ಮ.”

ಅವಳು ಎರಡೂ ಕೈ ಜೋಡಿಸಿ, “ನೀವು ದೇವ್ರು ಸ್ವಾಮಿ” ಅಂದಳು. ನಗಬೇಡ್ರೀ ಸಭಿಕರೇ! ನಾನು ಮಂಚದ ಮೇಲೆ ಬಿದ್ದಿದ್ದೆ.

ಗಂಟು ತೆಗೆದರು, ಊರಿಗೆ ಬಂದೆ. ಮೊದಲ ಮುಜುಗರ ಕುರಿಗಳ ಹತ್ತಿರ. ನನ್ನ ಕೂಗಿಗೆ ಗುಡ್ಡದ ಆ ಬದಿಯಿಂದ ಓಡಿ ಬರುತ್ತಿದ್ದ ಮಂದೆ, ನಾನು ಕೈ ಬೀಸಿದರೆ ಯಾರೋ ದಾರಿಹೋಕ ಅನ್ನುವ ಹಾಗೆ ನೋಡಿ ಮತ್ತೆ ಮೇಯತೊಡಗಿತು. ಒಂದು ದಿನ ನೇರ ಗೊಲ್ಲಪ್ಪನ ತೋಟಕ್ಕೆ ನುಗ್ಗಿ ಎಳೆ ತೆಂಗಿನ ಸಸಿಗೆ ಬಾಯಿ ಹಾಕಿತು. ಗೊಲ್ಲಪ್ಪ ಬಾಯಿಗೆ ಬಂದ ಹಾಗೆ ಬೈದ. ಜೀವಮಾನದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಪೂರ್ತಿ ಬೈದು ಮುಗಿಸಿದರು ಅಕ್ಕಾ. ಬೈದಾದ ಮೇಲೆ ನಾನು ಇನ್ನೂ ಸುಮ್ಮನೆ ನಿಂತಿದ್ದು ಕಂಡು ಅವನಿಗೇ ಹೆದರಿಕೆಯಾಗಿ, “ಹೋಗ್ಲಿ ಬಿಡಣ್ಣ, ಒಂದು ಎಳನೀರು ಕುಡಿ” ಅಂತ ಕೆತ್ತಿ ಕೊಟ್ಟ.

ಆಮೇಲೆ ಚಿತ್ತಮ್ಮ ನನ್ನ ಜೊತೆ ಮಂದೆಯ ಹಿಂದೆ ಬರತೊಡಗಿದಳು. ಕೂಗು ಅವಳದು, ಕೋಲು ನನ್ನದು. ಮಳೆಗಾಲದಲ್ಲಿ ಹುಲ್ಲು ಹುಡುಕಿಕೊಂಡು ರಾಮಗಿರಿ ಗುಡ್ಡದ ಕಡೆ ಹೋದೆವು. ಒಂದು ಮಧ್ಯಾಹ್ನ ಮಳೆ ಹಿಡಿಯಿತು. ಇಬ್ಬರೂ ಒಂದೇ ಕಂಬಳಿ ಕೊಪ್ಪೆ ಹಾಕಿಕೊಂಡು ಬಂಡೆಯ ಮರೆಯಲ್ಲಿ ಕುಂತೆವು. ಕೆಳಗೆ ರೈಲು ಹೋಯಿತು. ಅವಳು ಮಾತು ಶುರು ಮಾಡಿದಳು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ನೀರು ಕೇಳಿದರೂ ಜಗಳಕ್ಕೆ ಬಂದೆ ಅಂದುಕೊಂಡು ಗುಡಾಣದ ಹಿಂದೆ ಅಡಗಿಕೊಳ್ಳುತ್ತಿದ್ದಳಂತೆ. “ನಿಮ್ಮಕ್ಕ ಬಂದು, ಅವನು ಸಿಟ್ಟು ಮಾಡ್ಕಂಡಿಲ್ಲ ಕಣೇ, ಅವನು ಹುಟ್ಟಿರೋದೇ ಹಂಗೆ ಅಂದ್ಮೇಲೆ ಈಚೆಗೆ ಬಂದೆ” ಅಂದಳು. ಈ ಮಾತು ನೀನು ನನಗೆ ಯಾವತ್ತೂ ಹೇಳಲಿಲ್ಲವಲ್ಲ ಅಕ್ಕಾ! ಮಳೆ ನಿಂತಿತು, ಅವಳ ಮಾತು ನಿಲ್ಲಲಿಲ್ಲ. ಕುರಿಗಳ ಅಜ್ಜಿ ಮುತ್ತಜ್ಜಿಯರ ಕಥೆ, ತವರಿನ ಬೇವಿನ ಮರದ ಕಥೆ. ಅವಳ ಒಂದು ಮಾತನ್ನು ಕೊನೆ ತನಕ ಕೇಳಿದ್ದು ಅದೇ ಮೊದಲು. “ನಡುವೆ ಬಾಯಿ ಹಾಕೋರಿಲ್ಲ, ನೋಡು ಎಷ್ಟು ಚೆನ್ನಾಗೈತೆ ಸಂಸಾರ” ಅಂತ ನಕ್ಕಳು. ಆ ಮಧ್ಯಾಹ್ನವನ್ನು ಚಿನ್ನದ ಕಿರೀಟ ಕೊಡುತ್ತೇನೆಂದರೂ ನಾನು ಯಾರಿಗೂ ಕೊಡುವುದಿಲ್ಲ.

ಈಗ ಕೇಳಿರಿ, ಮೊನ್ನೆ ಶಿವರಾತ್ರಿಯ ನಾಟಕ! ಗಾಯ ಪೂರ್ತಿ ಮಾಗಿಲ್ಲ, ಇನ್ನೂ ಬಾಯಿ ಬಿಡಬೇಡ ಅಂತ ಡಾಕ್ಟರು ಅಂದಿದ್ದರು. ಪಾರ್ಟು ಬೇರೆಯವರಿಗೆ ಕೊಡ್ರಿ ಅಂತ ಸನ್ನೆ ಮಾಡಿದೆ. ಹಾರ್ಮೋನಿಯಂ ಮೇಷ್ಟ್ರು ರಂಗಯ್ಯನವರು ಕೇಳಲಿಲ್ಲ. “ದೇಹ ನಿಂದು, ಧ್ವನಿ ನಂದು. ಪರದೆ ಹಿಂದೆ ಮೈಕ್ ಹಿಡ್ಕಂಡು ನಾನು ಮಾತು ಹೇಳ್ತೀನಿ, ನೀನು ಬಾಯಿ ಆಡ್ಸು” ಅಂದರು. ಮೊದಲ ಸೀನಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಎರಡನೆಯದರಲ್ಲಿ ನಾನು ಕತ್ತಿ ಎತ್ತಿ ಹನುಮಂತಪ್ಪನ ಮೇಲೆ ಏರಿ ಹೋದೆ. ಪರದೆಯ ಹಿಂದಿನಿಂದ, “ಎಲವೋ ಅಧಮಾ! ನಿನ್ನ ಶಿರವನ್ನು ಈಗಲೇ...” ಅಂತ ಬಂತು, ಅಲ್ಲಿಗೆ ನಿಂತಿತು. ಮೇಷ್ಟ್ರು ಚಟ ತಡೆಯಲಾರದೆ ನಶ್ಯ ಏರಿಸಿದ್ದರು! ಮೈಕಿನಲ್ಲಿ ಬಾಗೂರೇ ನಡುಗುವಂಥ ಸೀನು ಹಾರಿತು. ರಾಜ ಏನು ಮಾಡಬೇಕು? ನಾನೂ ಸೀನಿದೆ. ಸೀನಿದ ರಭಸಕ್ಕೆ ಅಂಟಿಸಿದ ಮೀಸೆ ಕಿತ್ತು ಹನುಮಂತಪ್ಪನ ಪಾದಕ್ಕೆ ಬಿತ್ತು. ಅವನು ಬಗ್ಗಿ ಎತ್ತಿ, ಎರಡೂ ಕೈಯಲ್ಲಿ ಹಿಡಿದು, “ಮಹಾರಾಜಾ, ತಮ್ಮ ಮೀಸೆ” ಅಂದ.

ಜನ ಎದ್ದು ನಿಂತು ವನ್ಸ್ ಮೋರ್! ಮತ್ತೆ ಸೀನಬೇಕಾಯಿತು.

ಕೊನೆಯ ಸೀನಿನಲ್ಲಿ ರಾಜ ಸತ್ತ ಮಗನನ್ನು ಮಡಿಲಲ್ಲಿ ಹಾಕಿಕೊಂಡು ಅಳಬೇಕು. ನಾನು ಕುಂತೆ, ಮಾತು ಬರಲಿ ಅಂತ ಕಾದೆ. ಪರದೆಯ ಹಿಂದೆ ಮೇಷ್ಟ್ರು ನಗು ತಡೆಯಲಾರದೆ ಬಾಯಿಗೆ ಶಲ್ಯ ತುರುಕಿಕೊಂಡಿದ್ದರಂತೆ. ಮಾತು ಬರಲೇ ಇಲ್ಲ. ಮಗನ ಮುಖ ನೋಡಿದೆ, ಜನರ ಮುಖ ನೋಡಿದೆ. ಒಂದು ಕೆಮ್ಮೂ ಇರಲಿಲ್ಲ. ಪರದೆ ಬಿದ್ದ ಮೇಲೆ ನಮ್ಮ ಹಟ್ಟಿಯ ಮುದುಕಿ ಯಲ್ಲಕ್ಕ ಬಂದು ಗಲ್ಲ ಸವರಿ, “ಇಷ್ಟು ವರ್ಷ ನಿನ್ನ ಗಂಟಲು ನೋಡಿದ್ವಿ ಕಣಪ್ಪ, ಇವತ್ತು ನಿನ್ನ ಮುಖ ನೋಡಿದ್ವಿ” ಅಂದಳು.

ಈಗ ಡಾಕ್ಟರು ಮಾತಾಡು ಅಂದಿದ್ದಾರೆ. ಧ್ವನಿ ಬಂತಾ ಅಂತ ಕೇಳುತ್ತೀರಿ. ಬರ್ತಾ ಐತೆ! ರಾಜನ ಸವಾರಿ ತಡವಾಗಿಯೇ ಬರುವುದಲ್ಲವೇ? ಬೇವು ಬೆಲ್ಲ ತಿಂದು ಎಲ್ಲರೂ ಚೆನ್ನಾಗಿರ್ರಿ. ನಿಮ್ಮ ಮಂದೆ ಮರಿ ಹಾಕಲಿ, ನಿಮ್ಮ ಹೊಲಕ್ಕೆ ಹದ ಮಳೆ ಬೀಳಲಿ. ಮಕ್ಕಳಿಗೆ ಆಶೀರ್ವಾದ, ಭಾವನಿಗೆ ಮತ್ತೊಂದು ನಮಸ್ಕಾರ.

ಇಂತಿ ನಿನ್ನ ತಮ್ಮ,
ಜುಂಜಪ್ಪ

ತಾಜಾ ಕಲಂ: ಪಾಲಯ್ಯಾ, ಇಲ್ಲಿಗೆ ನಿಲ್ಲಿಸು. ನಾಟಕ ಮುಗೀತು ಅಂತ ಹೇಳಿ ಜನನ್ನ ಎಬ್ಬಿಸು. ಆಮೇಲೆ ಅಕ್ಕನ್ನ ಕುರಿ ರೊಪ್ಪದ ಆ ಕಡೆ ಕರ್ಕಂಡು ಹೋಗಿ ಇದನ್ನು ಕೂಗಿ ಓದು. ಕೇಳಿಸ್ಕಳೋದಾದ್ರೆ ಕುರಿಮರಿ ಕೇಳಿಸ್ಕಳ್ಲಿ.

ಅಕ್ಕಾ, ಧ್ವನಿ ಬರ್ತಾ ಇಲ್ಲ. ಬಂದಾಗಿದೆ, ಇನ್ನು ಇಷ್ಟೇ ಅಂದ್ರು ಡಾಕ್ಟರು. ಒಣಗಿದ ತೊಗರಿಕಾಯಿ ಅಲ್ಲಾಡಿಸಿದ ಹಾಗೆ ಕೇಳ್ತೈತೆ. ಚಿತ್ತಮ್ಮ, “ಈಗ ಮನುಷ್ಯರ ಗಂಟಲಾತು” ಅಂತಾಳೆ. ರಾಜನ ಪಾರ್ಟನ್ನು ಹನುಮಂತಪ್ಪನಿಗೆ ಕೊಟ್ಟೆ, ಅದಕ್ಕೆ ನನಗೆ ಅಳುವಿಲ್ಲ.

ದಸರಾದಲ್ಲಿ ನಿಮ್ಮ ಹಟ್ಟಿಯ ಕೆಂಚಣ್ಣನ ಹತ್ತಿರ ಹೇಳಿ ಕಳಿಸಿದ್ದೆಯಲ್ಲ, “ನನ್ನ ತಮ್ಮ ಬಂದು ಒಂದು ಮಾತಾಡ್ಲಿ, ಕಿವಿ ಹಸ್ಕಂಡೈತೆ” ಅಂತ. ಅವತ್ತಿಂದ ಹಿರಿಯೂರು ಬಸ್ಸು ಕಂಡರೆ ಮುಖ ತಿರುಗಿಸಿಕೊಂಡು ಹೋಗ್ತೀನಿ. ಯಾರು ಏನು ಹೇಳಿದರೂ ನೀನು ಕೇಳಿಸಿದ ಹಾಗೆ ತಲೆ ಆಡಿಸಿ ನಗ್ತೀಯ, ಅವರ ಮನಸ್ಸು ನೋಯಬಾರದು ಅಂತ. ನನಗೆ ಮಾತ್ರ ಯಾವತ್ತೂ ಹಾಗೆ ತಲೆ ಆಡಿಸಿದವಳಲ್ಲ. ಕೇಳಿಸಿಕೊಂಡು, ತಿರುಗಿ ಬೈದು, ಕಿವಿ ಹಿಂಡಿದವಳು. ಈಗ ನಾನು ಬಂದು ಮಾತಾಡಿ, ನೀನು ನಕ್ಕು ತಲೆ ಆಡಿಸಿಬಿಟ್ಟರೆ? ಮೊದಲು ಬಾಯಿ ಬಿಡಂಗಿರಲಿಲ್ಲ, ಬಿಟ್ಟ ಮೇಲೆ ಅದೊಂದನ್ನು ನೋಡಲಾರದೆ ವರ್ಷ ಕಳೆದೆ.

ಇನ್ನು ಕಳೆಯಲಾರೆ. ಕೆಂಚಣ್ಣ ಇಲ್ಲಿಗೆ ಬಂದಿದ್ದಾನೆ, ಈ ಕಾಗದ ಅವನ ಕೈಲಿ ಈಗಿನ ಬಸ್ಸಿಗೇ ಬರ್ತೈತೆ. ನಾಳೆ ಬೆಳಿಗ್ಗೆ ಹೊಸದುರ್ಗದ ಮೊದಲನೇ ಬಸ್ಸಿಗೆ ನಾನೇ ಬರ್ತೀನಿ. ಜನ ಸೇರಿಸಬೇಡ. ಬಲಗಿವಿಯ ಹತ್ತಿರ ಕುಂತು ಅಕ್ಕಾ ಅಂತ ಕರೀತೀನಿ. ಕೇಳಿಸದಿದ್ದರೆ ತಲೆ ಆಡಿಸಬೇಡ, “ಕೇಳಿಸಲಿಲ್ಲ ಕಣೋ” ಅಂತ ಬೈಯಿ. ಇನ್ನೂ ಹತ್ತಿರ ಸರಿದು ಮತ್ತೆ ಕರೀತೀನಿ.