ಬೇಜಾರು ಅಂದರೆ ಮದುವೆ ಅಲ್ಲ

ತೂಬಗೆರೆ
ಭಾನುವಾರ, ೧೭ ನವೆಂಬರ್ ೨೦೨೪

ಚಿರಂಜೀವಿ ಅನಿಲ್‌ಕುಮಾರನಿಗೆ... ಬೇಡ, ಅದು ನಿನ್ನ ಮಾರ್ಕ್ಸ್ ಕಾರ್ಡಿನ ಹೆಸರು. ನನ್ನ ಅನಿಗೆ, ಅಜ್ಜಿ ತಲೆ ಸವರಿ ಬರೆಯುವುದು.

ಹೇಗಿದ್ದೀಯ ಕಂದಾ? ಊಟ ಸೇರುತ್ತಿದೆಯಾ, ನಿದ್ದೆ ಬರುತ್ತಿದೆಯಾ ಅಂತ ಕೇಳಬೇಕು ಅಂದುಕೊಂಡಿದ್ದೆ. ಎರಡೂ ಇಲ್ಲ ಅಂತ ಮುರಳಿ ಆಗಲೇ ಹೇಳಿಬಿಟ್ಟ. ಸೋಂಪುರದಲ್ಲಿ ನಿನ್ನ ಜೊತೆ ಒಂದೇ ರೂಮಿನಲ್ಲಿರುವ ಹುಡುಗ, ನಿನ್ನ ಬಗ್ಗೆ ನಮಗಿಂತ ಚೆನ್ನಾಗಿ ತಿಳಿದಿದ್ದಾನೆ ನೋಡು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮಮ್ಮನ ಬಿ.ಪಿ. ಹತೋಟಿಯಲ್ಲಿದೆ. ನನ್ನ ಮಂಡಿ ನೋವು ಇದ್ದ ಹಾಗೇ ಇದೆ, ನೀನು ತಂದುಕೊಟ್ಟ ಎಣ್ಣೆ ಮುಗಿಯುತ್ತಾ ಬಂತು. ರಾಗಿ ಬಲಿತು ನಿಂತಿದೆ, ಈ ವಾರ ಕುಯ್ಲು. ಕೆಂಪಿ ಕರು ಹಾಕಿದೆ ಕಣೋ, ಹೆಣ್ಣುಗರು! ಹಣೆ ಮೇಲೆ ಬಿಳಿ ಚುಕ್ಕೆ. ಹೆಸರಿಡುವುದು ನಿನ್ನ ಕೆಲಸ ಅಂತ ಹಾಗೇ ಬಿಟ್ಟಿದ್ದೇವೆ.

ನಿನ್ನ ಫೋನು ಸ್ವಿಚ್ ಆಫ್, ಅದಕ್ಕೇ ಈ ಕಾಗದ. ಮುರಳಿಯನ್ನು ಜಗಲಿ ಮೇಲೆ ಕೂರಿಸಿ ಕೈಗೆ ಮುದ್ದೆ ತಟ್ಟೆ ಕೊಟ್ಟಿದ್ದೇನೆ, ಅವನು ಉಂಡು ಏಳುವುದರೊಳಗೆ ಮುಗಿಸಬೇಕು. ಏಳನೇ ಕ್ಲಾಸಿಗೇ ಬಿಟ್ಟವಳ ಅಕ್ಷರ, ಕೋಳಿ ಕೆದರಿದ ಹಾಗಿದೆ ಅಂತ ನಗಬೇಡ. ನಕ್ಕರೂ ಪರವಾಗಿಲ್ಲ, ನಗು.

ಮೊದಲು ಘಾಟಿಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದು ನಮ್ಮಿಬ್ಬರ ನಡುವೆ ಗೂಟದ ಹಾಗೆ ನಿಂತಿರುತ್ತದೆ. ದಸರಾ ರಜಕ್ಕೆ ಬಂದಿದ್ದಾಗ ನೀನು ನನ್ನ ಪಕ್ಕ ಕೂತು ಕಡಲೆಕಾಯಿ ಬಿಡಿಸುತ್ತಾ, "ಅಜ್ಜಿ, ಯಾಕೋ ತುಂಬಾ ಬೇಜಾರು. ಆ ರೂಮಿಗೆ ಹೋದ್ರಂತೂ ಇನ್ನೂ ಬೇಜಾರು" ಅಂದೆ. ನನಗೆ ಒಳಗೊಳಗೇ ಖುಷಿಯೋ ಖುಷಿ! ಯಾಕೆ ಗೊತ್ತಾ? ನಮ್ಮ ಮನೆಯ ಗಂಡಸರು ಮದುವೆ ಮಾಡಿ ಅಂತ ಬಾಯಿಬಿಟ್ಟು ಕೇಳಿದವರೇ ಅಲ್ಲ. ನಿಮ್ಮ ತಾತ ಅವರಮ್ಮನ ಹತ್ತಿರ ಬೇಜಾರು ಅಂದಿದ್ದರಂತೆ, ನನ್ನನ್ನು ತಂದರು. ನಿಮ್ಮಪ್ಪ ನನ್ನ ಹತ್ತಿರ ಬೇಜಾರು ಅಂದ, ಆ ಬೇಸಿಗೆಯಲ್ಲೇ ನಿಮ್ಮಮ್ಮ ಈ ಹೊಸಿಲು ದಾಟಿದಳು. ಈಗ ಮೊಮ್ಮಗನ ಸರದಿ ಬಂತು ಅಂತ ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ. ಮದುವೆ ದಲ್ಲಾಳಿ ಭೀಮರಾಜನಿಗೆ ಹೇಳಿ ಕಳಿಸಿದೆ, ಜಾತಕ ಕೊಟ್ಟೆ, ಘಾಟಿ ಸುಬ್ಬಪ್ಪನ ಗುಡಿಯಲ್ಲಿ ಹುಡುಗಿ ತೋರಿಸುವುದು ಅಂತ ಮಾತಾಯಿತು. ಫೋನಿನಲ್ಲಿ ಹೇಳಿದಾಗ ನೀನು "ಹ್ಞೂಂ" ಅಂದೆ. ನಾಚಿಕೆ ಅಂದುಕೊಂಡೆ. ಅಯ್ಯೋ, ನನ್ನ ಬುದ್ಧಿಗಿಷ್ಟು!

ಆವತ್ತು ನೀನು ಬರಲೇ ಇಲ್ಲ. ಹುಡುಗಿ ಕಡೆಯವರು ಮಹಾಮಂಗಳಾರತಿ ಮುಗಿಯುವವರೆಗೂ ಕಾದು, ಪ್ರಸಾದ ತಿಂದು, ಮುಖ ದಪ್ಪ ಮಾಡಿಕೊಂಡು ಹೋದರು. ಭೀಮರಾಜ "ಹುಡುಗನ ಮನಸು ಬೇರೆ ಎಲ್ಲೋ ಇರ್ಬೇಕು ಕಣಮ್ಮಾ" ಅಂತ ನನ್ನ ಕಿವಿಯಲ್ಲಿ ಊದಿದ. ನಿಮ್ಮಪ್ಪ ಮನೆಗೆ ಬಂದವನೇ ಚಪ್ಪಲಿ ಎಸೆದು, "ಅವನು ಇನ್ನು ಈ ಮನೆ ಮೆಟ್ಟಿಲು ಹತ್ತೋದು ಬೇಡ" ಅಂತ ಕೂಗಾಡಿದ. ನಾನೂ ಸುಮ್ಮನಿರಲಿಲ್ಲ, ನಿನಗೆ ಬೈದ ಬೈಗುಳ ಕೇಳಿ ಕೋಳಿಗಳೆಲ್ಲ ಹಿತ್ತಲಿಗೆ ಓಡಿದವು. ಪಾಪ, ಆ ಹುಡುಗಿ ಮಾತ್ರ ನೀನು ಬರಲಿಲ್ಲ ಅಂತ ಗೊತ್ತಾದಾಗ ನಿರಾಳವಾಗಿ ಉಸಿರು ಬಿಟ್ಟಳು. ಅವಳಿಗೆ ಇನ್ನೂ ಓದುವ ಆಸೆಯಂತೆ.

ಇವತ್ತು ಬೆಳಿಗ್ಗೆ ಮುರಳಿ ಗಾಡಿ ನಿಲ್ಲಿಸಿದಾಗ, ನಿನ್ನ ಪರವಾಗಿ ಕ್ಷಮಾಪಣೆ ಕೇಳಲು ಬಂದಿದ್ದಾನೆ ಅಂದುಕೊಂಡೆ. ಅವನು ಕೂರಲೂ ಇಲ್ಲ. "ಅಜ್ಜಿ, ಅವನು ಡ್ಯೂಟಿಗೆ ಹೋಗ್ತಾ ಇಲ್ಲ. ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿರ್ತಾನೆ. ತಂದಿಟ್ಟ ಊಟ ಹಂಗೇ ಇರುತ್ತೆ. ಏನಾಯ್ತೋ ಅಂದ್ರೆ, ಗೊತ್ತಿಲ್ಲ ಗುರು, ಬೇಜಾರು ಅಂತಾನೆ" ಅಂದ. ಆಮೇಲೆ ಇನ್ನೊಂದು ಮಾತು ಹೇಳಿದ. "ನಾನಿಲ್ದಿದ್ರೆ ಮನೆಯೋರಿಗೆ ಒಂದು ತಲೆನೋವು ಕಮ್ಮಿ" ಅಂದೆಯಂತೆ. ಅದಕ್ಕೇ ಅವನೂ ನಿಮ್ಮ ಫ್ಯಾಕ್ಟರಿಯ ನರೇಶನೂ ಶಿಫ್ಟ್ ಬದಲಾಯಿಸಿಕೊಂಡು ಸರದಿ ಮೇಲೆ ನಿನ್ನ ಜೊತೆ ಇರುತ್ತಿದ್ದಾರಂತೆ.

ಲೇ ಅನಿ, ಕೇಳಿಸಿಕೋ. ನೀನು ನನ್ನ ತಲೆನೋವೇ ಕಣೋ, ಹುಟ್ಟಿದಾಗಿನಿಂದ. ಆ ತಲೆನೋವು ಇರುವುದರಿಂದಲೇ ನನಗೆ ತಲೆ ಇದೆ ಅಂತ ಗೊತ್ತಾಗುವುದು. ಇನ್ನೊಮ್ಮೆ ಆ ಯೋಚನೆ ಬಂದರೆ ಮುಚ್ಚಿಟ್ಟುಕೊಳ್ಳಬೇಡ, ಎಷ್ಟು ಹೊತ್ತೇ ಆಗಿರಲಿ ಪಕ್ಕದಲ್ಲಿರುವವನನ್ನು ಎಬ್ಬಿಸಿ ಹೇಳು.

ನಿಮ್ಮಪ್ಪ ಮುರಳಿಯ ಮಾತು ಕೇಳಿ ಕೊಟ್ಟಿಗೆಗೆ ಹೋದ. ನಾನು ಇಣುಕಿ ನೋಡಿದರೆ, ಹುಲ್ಲು ಹಾಕಿದ ಹಸುವಿಗೇ ಮತ್ತೆ ಮತ್ತೆ ಹುಲ್ಲು ಹಾಕುತ್ತಿದ್ದ. ಕಣ್ಣಲ್ಲಿ ನೀರು. ಅವನ ಬೇಜಾರು ಬಾಯಿಗೆ ಬರುವಾಗ ಸಿಟ್ಟಾಗಿಯೇ ಬರುತ್ತದೆ, ಚಿಕ್ಕಂದಿನಿಂದ ಹಾಗೇ. ನಿಮ್ಮಮ್ಮನದು ಪಾತ್ರೆ ಸದ್ದಿನಲ್ಲಿ ಗೊತ್ತಾಗುತ್ತದೆ. ಬೇಜಾರು ಅನ್ನುವ ಈ ಒಂದು ಮಾತನ್ನು ನಾವು ಏನೇನಕ್ಕೆಲ್ಲ ಉಜ್ಜಿ ಉಜ್ಜಿ ಸವೆಸಿದ್ದೇವೆ ಅಂತ ಕೂತು ಯೋಚನೆ ಮಾಡಿದೆ. ಕರೆಂಟು ಹೋದರೆ ಬೇಜಾರು, ಧಾರಾವಾಹಿ ಮುಗಿದರೆ ಬೇಜಾರು, ನೆಂಟರು ಗೃಹಪ್ರವೇಶಕ್ಕೆ ಕರೆಯದಿದ್ದರೆ ಬೇಜಾರು. ನಿಜವಾಗಿ ಮುಳುಗುತ್ತಿರುವವನೂ ಅದನ್ನೇ ಹೇಳಬೇಕು, ಅವನಿಗೆ ಬೇರೆ ಮಾತು ಎಲ್ಲಿದೆ? ನೀನು ಹೇಳಿದ್ದೆ ಮಗಾ. ನಾನು ಬೇರೆಯದೇ ಕೇಳಿಸಿಕೊಂಡೆ.

ಯಾಕೆ ಹೀಗಾಯಿತು ಅಂತ ನಿನಗೇ ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಕಾರಣ ಹುಡುಕಿಕೊಂಡೇ ಬಾ ಅಂತ ಯಾರೂ ಹೇಳುವುದಿಲ್ಲ. ಮುರಳಿ ನಾಳೆ ನಿನ್ನನ್ನು ಗಾಡಿಯಲ್ಲಿ ಕರೆದುಕೊಂಡು ಬರುತ್ತಾನೆ. ಬರುವುದು ಕುಯ್ಲಿಗಲ್ಲ, ಮದುವೆಗಂತೂ ಅಲ್ಲ. ಭೀಮರಾಜನಿಂದ ಜಾತಕ ವಾಪಸ್ ಕೇಳಿದ್ದೇನೆ. ಬಂದು ಹಜಾರದಲ್ಲಿ ಮಲಗು, ಗೋಡೆ ಕಡೆ ತಿರುಗಿಯಾದರೂ ಮಲಗು, ಬೆನ್ನ ಹಿಂದೆ ನಾನಿರುತ್ತೇನೆ. ಗಂಡಸಾಗಿ ಹೀಗಾ ಅಂತ ಯಾರಾದರೂ ಅಂದರೆ ಅವರನ್ನು ನನ್ನ ಹತ್ತಿರ ಕಳಿಸು. ಕೆಲಸ ಹೋದರೆ ಹೋಗಲಿ, ನಿಮ್ಮಪ್ಪನೇ ಹೇಳಿದ ಮಾತಿದು, ಕೊಟ್ಟಿಗೆಯಿಂದ ಬಂದ ಮೇಲೆ. ಎಸೆದ ಚಪ್ಪಲಿಯನ್ನೂ ಅವನೇ ಹುಡುಕಿ ತಂದು ಜೋಡಿಸಿಟ್ಟಿದ್ದಾನೆ.

ಮುರಳಿಗೂ ನರೇಶನಿಗೂ ರಾಗಿ ಹುರಿಹಿಟ್ಟು ಕಳಿಸಿದ್ದೇನೆ, ನಿನ್ನ ಪಾಲೂ ಅದರಲ್ಲೇ ಇದೆ. ನಿಮ್ಮಮ್ಮ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ. ಆ ಸುಬ್ಬಪ್ಪಸ್ವಾಮಿ ನಿನ್ನ ಮೇಲೆ ನೆರಳಿಟ್ಟಿರಲಿ, ನೂರು ಕಾಲ ನನ್ನ ತಲೆನೋವಾಗಿ ಬಾಳು.

ನಿನ್ನನ್ನು ಎತ್ತಿ ಆಡಿಸಿದ,
ಅಜ್ಜಿ ಅಕ್ಕಯಮ್ಮ

ವಿ.ಸೂ.: ಮುರಳಿ ಕೈ ತೊಳೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನನಗೆ ಮಂಡಿ ನೋವಿಲ್ಲ ಕಣೋ. ನೀನು ತಂದ ಎಣ್ಣೆಯನ್ನೆಲ್ಲ ಕೆಂಪಿಯ ಕೊಂಬಿಗೆ ಹಚ್ಚಿದೆ. ನಿಮ್ಮ ತಾತ ಹೋದಾಗಿನಿಂದ ಬೆಳಿಗ್ಗೆ ಏಳುವುದಕ್ಕೇ ಮನಸ್ಸಿಲ್ಲ. ಮಂಡಿ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಅದಕ್ಕೇ ಮಂಡಿ ಅಂದೆ. ದೊಡ್ಡಬಳ್ಳಾಪುರದ ಸರ್ಕಾರಿ ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟರು ಬರುತ್ತಾರೆ ಅಂತ ನಮ್ಮೂರ ಆಶಾ ಕಾರ್ಯಕರ್ತೆ ಶಿಲ್ಪ ಹೇಳಿದಳು. ಇಬ್ಬರು ಬರುತ್ತೇವೆ ಅಂದಿದ್ದೇನೆ. ಡಾಕ್ಟರ ಮುಂದೆ ನಾನು ಮೊದಲು ಕೂರುತ್ತೇನೆ. ನಾನು ಹೇಗೆ ಹೇಳುತ್ತೇನೆ ನೋಡಿಕೋ, ಆಮೇಲೆ ನೀನು ಹೇಳುವೆಯಂತೆ.