ಅಡ್ಡಿಲ್ಲ ಎಂಬ ಚೌಕ

ಕಾಪು, ೧೪ ನವೆಂಬರ್ ೨೦೨೪

ಪ್ರೀತಿಯ ಅಮ್ಮಾ,

ಹೇಗಿದ್ದಿ? ಮುಂಬೈಯ ನೀರು ಒಗ್ಗಿತಾ? ಅಕ್ಕನೂ ಪಾಪುವೂ ಚೆನ್ನಾಗಿದ್ದಾರೆಂದು ಫೋನಿನಲ್ಲೇ ತಿಳಿಯಿತು. ಅವಳ ಬಾಣಂತನಕ್ಕೆಂದು ಹೋದ ನಿನ್ನ ಸುದ್ದಿ ಕೇಳುವಷ್ಟರಲ್ಲಿ ಫೋನನ್ನು ಮಗುವಿನ ಕಿವಿಗೆ ಹಿಡಿದಿರುತ್ತೀ. ಅದಕ್ಕೇ ಈ ಕಾಗದ.

ಮಣಿಪಾಲದ ಕೆಲಸ ನಡೆಯುತ್ತಿದೆ. ಮೀನು ಮಾರುವ ಹೆಂಗಸರ ಆರೋಗ್ಯದ ಸಮೀಕ್ಷೆ ಎಂದಿದ್ದೆನಲ್ಲ. ಕಾಪು, ಪಡುಬಿದ್ರಿ, ಕಾರ್ಕಳದ ಮಾರುಕಟ್ಟೆಗಳಲ್ಲಿ ನೂರ ಎಂಬತ್ತು ಮಂದಿಯನ್ನು ಮಾತಾಡಿಸಿದೆ. ಬಾಯಿ ಬಿಡದ ನಾನೇ, ನಗಬೇಡ. ತುಳುವಿನಲ್ಲಿ ಕೇಳುವುದು, ಕನ್ನಡದ ಹಾಳೆಯಲ್ಲಿ ಗುರುತು ಹಾಕುವುದು. ಆರೋಗ್ಯ ಹೇಗುಂಟು ಎಂಬುದಕ್ಕೆ ಮೂರು ಚೌಕ: ಒಳ್ಳೆಯದು, ಅಡ್ಡಿಲ್ಲ, ಕಷ್ಟ. ಕಾರ್ಕಳದ ಒಬ್ಬ ಅಜ್ಜಿ ಬಂಗುಡೆ ಜೋಡಿಸುತ್ತಾ, "ಅಡ್ಡಿಲ್ಲ ಅಂತ ಬರ್ಕೊ. ಮೀನು ಬೇಡದಿದ್ದರೆ ದಾರಿ ಬಿಡು" ಅಂದರು. ಅವರ ಇನ್ನೊಂದು ಕೈ ಮೊಣಕಾಲನ್ನು ಒತ್ತುತ್ತಲೇ ಇತ್ತು. ಅದನ್ನೂ ಹಾಳೆಯ ಅಂಚಿನಲ್ಲಿ ಬರೆದುಕೊಂಡೆ.

ಸಂಖ್ಯಾಶಾಸ್ತ್ರ ನೋಡಿಕೊಳ್ಳುವ ಕಾವ್ಯ ಮೇಡಂ ನಿನ್ನೆ ವಿಧಾನ ಆರಿಸಲು ಕೂತರು. ಎಷ್ಟು ವರ್ಷದಿಂದ ಬುಟ್ಟಿ ಹೊರುತ್ತಾರೆ ಎನ್ನುವುದಕ್ಕೂ ಆರೋಗ್ಯಕ್ಕೂ ಸಂಬಂಧ ಉಂಟಾ ಎಂದು ನೋಡಬೇಕಿತ್ತು. ಉತ್ತರಗಳು ಮೆಟ್ಟಿಲಿನಂತೆ ಮೇಲೆ ಕೆಳಗೆ ಇದ್ದರೆ ಒಂದು ವಿಧಾನ; ಬರೀ ಬೇರೆ ಬೇರೆ ಗುಂಪುಗಳಾದರೆ ಕೈ ಸ್ಕ್ವೇರ್ ಎಂಬ ಇನ್ನೊಂದು ಪರೀಕ್ಷೆ. "ಅಡ್ಡಿಲ್ಲ ಅಂದರೆ ಮಧ್ಯದ ಮೆಟ್ಟಿಲು, ಅಲ್ವಾ?" ಅಂದರು. ಹಾಗೆ ಮಾಡಿದರೆ ಆ ಅಜ್ಜಿ ಅರ್ಧ ಆರೋಗ್ಯವಂತರಾಗಿಬಿಡುತ್ತಾರೆ. ಹೇಳಿಯೇಬಿಟ್ಟೆ: "ಅದು ಮಧ್ಯದ ಉತ್ತರ ಅಲ್ಲ ಮೇಡಂ, ಮಾತು ಮುಗಿಸುವ ಉತ್ತರ." ಅಂಚಿನ ಬರಹ ತೋರಿಸಿದೆ. ಅಡ್ಡಿಲ್ಲ ಅಂದ ಎಪ್ಪತ್ತೊಂದು ಮಂದಿಯಲ್ಲಿ ನಲವತ್ತು ಮಂದಿ ಸೊಂಟವನ್ನೋ ಮೊಣಕಾಲನ್ನೋ ಹಿಡಿದುಕೊಂಡೇ ಹಾಗೆ ಹೇಳಿದ್ದರು. ಮೇಡಂ ಅದನ್ನು ಓದಿ, "ಎಂತ ಮಾರಾಯ್ತಿ, ಇಷ್ಟು ದಿನ ಬಾಯಲ್ಲಿ ಕಡುಬು ಇಟ್ಟುಕೊಂಡಿದ್ದಿಯಾ?" ಎಂದು ನಕ್ಕರು. ಕೊನೆಗೆ ಮೂರನ್ನೂ ಮೆಟ್ಟಿಲು ಮಾಡದೆ, ಬೇರೆ ಬೇರೆಯಾಗಿಯೇ ಇಟ್ಟು ಕೈ ಸ್ಕ್ವೇರ್ ಮಾಡುವುದೆಂದಾಯಿತು. ಅಂಚಿನ ಬರಹಕ್ಕೂ ವರದಿಯಲ್ಲಿ ಒಂದು ಪುಟ ಸಿಕ್ಕಿದೆ.

ಅಪ್ಪ ಮೊನ್ನೆ ಬೋಟಿನಿಂದ ಬಂದರು. ನೀನು ಹಾಕಿಟ್ಟ ಉಪ್ಪಿನಕಾಯಿ ಭರಣಿಯ ತಳ ಕಾಣಿಸಿದ್ದಾರೆ. ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳು. ಪಾಪುವಿನ ಅಂಗಾಲಿಗೆ ನನ್ನದೊಂದು ಮುತ್ತು.

ನಿನ್ನ
ಯಶ್ಮಿತಾ

ಲಕೋಟೆ ಅಂಟಿಸುವ ಮೊದಲು: ಮೂರನೇ ಮಹಡಿಗೆ ಹತ್ತುವಾಗ ನೀನು ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತೀ ಎಂದು ಅಕ್ಕ ಹೇಳಿದಳು. ಭಾನುವಾರ ಕೇಳಿದರೆ ನೀನು "ಅಡ್ಡಿಲ್ಲ" ಅಂದಿ. ಆಗ ನಿನ್ನ ಕೈ ಎಲ್ಲಿತ್ತು ಎಂದು ಫೋನಿನಲ್ಲಿ ಕಾಣುವುದಿಲ್ಲ ಅಮ್ಮ. ಬರುವ ವಾರ ಶುಕ್ರವಾರದ ಮುಂಬೈ ರೈಲಿಗೆ ನನಗೆ ಟಿಕೆಟ್ ಮಾಡಿದ್ದೇನೆ, ಮರುದಿನವೇ ಡಾಕ್ಟರ ಹತ್ತಿರ ಹೋಗುವ. ಬೇಡ ಎನ್ನಲು ಫೋನ್ ಮಾಡಬೇಡ.