ಮಳಲಗಟ್ಟಿ ವೆಬ್‌ಸೈಟಿನ್ಯಾಗ ನಮ್ಮ ಮನಿ

ಹೊಸ ಮಳಲಗಟ್ಟಿ, ಪುನರ್ವಸತಿ ಕೇಂದ್ರ
ತಾ. ಬೀಳಗಿ, ಜಿ. ಬಾಗಲಕೋಟ
೧೪ ಡಿಸೆಂಬರ್ ೨೦೦೮, ಐತವಾರ

ಅಣ್ಣ ಬಸಗೊಂಡಪ್ಪಗ ತಂಗಿ ಸಾವಿತ್ರಿಯ ನಮಸ್ಕಾರ.

ಮೊದಲ ‘ತೀರ್ಥರೂಪ ಸಮಾನರಾದ’ ಅಂತ ಶುರು ಮಾಡಿದ್ದೆ. ಏಳನೇ ಇಯತ್ತೆ ಹುಡುಗರಿಗೆ ಪತ್ರ ಬರಿಯೂದು ಕಲಿಸಿ ಕಲಿಸಿ ಕೈ ತಾನ ಬರಕೋತ ಹೊಂಟಿತ್ತು. ಹರದು ಒಗದೆ. ನಮ್ಮಿಬ್ಬರ ನಡುವ ಅಷ್ಟು ಸೋಗು ಯಾಕ?

ಪತ್ರ ತಡ ಆತು, ಸಿಟ್ಟಾಗಬ್ಯಾಡ. ತಡ ಅಂದ್ರ ಒಂದೆರಡು ತಿಂಗಳದ್ದಲ್ಲ, ಒಂಬತ್ತು ವರ್ಷದ್ದು. ಫೋನ್ ಮಾಡಿದ್ರ ನೀ ‘ತಡಿ, ನಿಮ್ಮ ವೈನಿಗೆ ಕೊಡ್ತೇನಿ’ ಅಂತ ದಾಟಿಸಿ ಬಿಡ್ತಿ. ಪತ್ರ ಹಂಗ ದಾಟಿಸಾಕ ಬರಂಗಿಲ್ಲ, ನಿನ್ನ ಹೆಸರೀಲೇ ಬರದೀನಿ. ಓದು. ಓದಲಾರದ ಒಲಿಗೆ ಹಾಕಿದ್ರ ನನ್ನ ಆಣಿ ಐತಿ.

ಇಲ್ಲಿ ಎಲ್ಲಾರೂ ಆರಾಮ ಅದೀವಿ. ನಮ್ಮ ಮನಿಯವರದು ಬಾಡಗಂಡಿ ಸಕ್ಕರಿ ಕಾರ್ಖಾನ್ಯಾಗ ಸೀಜನ್ ಶುರು ಆಗೇತಿ, ಮನಿಗೆ ಬಂದ್ರ ಅರಿಬಿ ತುಂಬ ಕಾಕಂಬಿ ವಾಸನಿ. ಕಬ್ಬಿನ ಟ್ರ್ಯಾಕ್ಟರ್ ಹಾಡು ಹಚ್ಚಕೊಂಡು ಸಾಲಿ ಮುಂದ ಹಾದ್ರ ನನ್ನ ಪಾಠ ಅಷ್ಟಕ್ಕ ನಿಂತಂಗ. ಇಚಲಕರಂಜ್ಯಾಗ ನಿಮ್ಮ ಮಗ್ಗದ ಸದ್ದಿನಕ್ಕಿಂತ ಇದು ಛಲೋ ಅಂತ ನೀ ಅಂದಿ, ಗೊತ್ತೈತಿ.

ಈಗ ನಾ ಬರಿಯೋ ವಿಷಯ ಕೇಳಿದ್ರ ನೀ ನಗ್ತಿ. ನಾ ಒಂದು ವೆಬ್‌ಸೈಟ್ ಮಾಡೇನಿ. ಖರೇನ. ನಿನ್ನ ತಂಗೀನ, ರೇಡಿಯೋದ ಕಿವಿ ತಿರುವಿ ಮುರದಾಕಿ!

ಹೋದ ಮೇ ತಿಂಗಳದಾಗ ಡ್ಯಾಮಿನ ಹಿನ್ನೀರು ಸರದಾಗ, ವರ್ಷದಂಗ ಎಲ್ಲಾರೂ ಟ್ರ್ಯಾಕ್ಟರ್ ಹತ್ತಿ ಹಳೇ ಊರಿಗೆ ಹೋಗಿದ್ವಿ. ಹಣಮಪ್ಪನ ಗುಡಿ ಕಟ್ಟಿ, ನಾಕು ಗ್ವಾಡಿ, ಉಳದದ್ದೆಲ್ಲಾ ಬಿರಕ ಬಿಟ್ಟ ರಾಡಿ. ಕಾಯಿ ಒಡದು ಬುತ್ತಿ ಬಿಚ್ಚಿದ್ವಿ. ಅಷ್ಟರಾಗ ಪಾಂಡಪ್ಪ ಕಾಕಾ, ಬಡಿಗ್ಯಾರ ಓಣಿಯವರು, ಒಂದು ಜಾಗಾದಾಗ ನಿಂತು ‘ಇದು ಯಾರ ಮನಿ ಇತ್ತಪಾ?’ ಅಂದ್ರು. ಒಬ್ಬರು ಒಂದು ಹೆಸರು ಹೇಳಿದ್ರ ಇನ್ನೊಬ್ಬರು ಇನ್ನೊಂದು. ಯಮನಪ್ಪ ಅಂತೂ ತಮ್ಮ ದನದ ಕೊಟಿಗಿ ಇಲ್ಲೇ ಇತ್ತಂತ ಹೊಡದಾಡಾಕ ನಿಂತ. ಕಡೀಕೂ ಬಗಿಹರಿಲಿಲ್ಲ. ಊರು ಮುಳುಗಿ ಎಂಟು ವರ್ಷಕ್ಕ ಹಿಂಗಾದ್ರ, ಇನ್ನು ಹತ್ತು ವರ್ಷಕ್ಕ ಊರಿತ್ತು ಅನ್ನೂದು ಸುಳ್ಳಾಗತೈತಿ.

ಬೀಳಗ್ಯಾಗ ಪ್ರತಿಮಾ ಅಂತ ಒಬ್ಬಾಕಿ ಅದಾಳ. ಮೊದಲ ಟೈಪಿಂಗ್ ಕ್ಲಾಸ್ ನಡಸ್ತಿದ್ಲು, ಈಗ ಅದನ್ನ ಕಂಪ್ಯೂಟರ್ ಕ್ಲಾಸ್ ಮಾಡ್ಯಾಳ. ನಾ ಆಕಿಗೆ, ಊರಿನ ಮನಿ ಎಲ್ಲಾ ಬರದಿಡೂದು ಐತಿ, ಪುಸ್ತಕ ಅಚ್ಚು ಹಾಕಸ್ಲೇನು ಅಂತ ಕೇಳಿದೆ. ‘ಪುಸ್ತಕ ಯಾಕ್ರಿ ಅಕ್ಕೋರ, ವೆಬ್‌ಸೈಟ್ ಮಾಡ್ರಿ. ಮುಧೋಳದಾಗಿದ್ದವರೂ ನೋಡ್ತಾರ, ಪುಣಾದಾಗಿದ್ದವರೂ ನೋಡ್ತಾರ. ಕೋಡಿಂಗ್ ಬರಬೇಕಂತ ಏನಿಲ್ರಿ. ಪತ್ರ ಬರದಂಗ ಬರೀರಿ, ಇಲ್ಲಿ ಒತ್ರಿ, ಆತು’ ಅಂದ್ಲು.

‘ಕೋಡಿಂಗ್ ಅಂದ್ರೇನವಾ?’

‘ನನಗೂ ಅಷ್ಟಕ್ಕಷ್ಟ ರೀ.’

ಕುರುಡ ಕುಂಟನ್ನ ಹೊತ್ತಂಗ ಹಿಂಗ ಶುರು ಆತು ನೋಡು. ಕಂಪ್ಯೂಟರ್ ಅಂದ್ರ ನನಗ ನಮ್ಮ ಸಾಲ್ಯಾಗ ಅರಿಬಿ ಹೊಚ್ಚಿ ಇಟ್ಟದ್ದಷ್ಟ ಗೊತ್ತು. ಹೆಡ್ ಮಾಸ್ತರ್ ಅದಕ್ಕ ವಾರಕ್ಕೊಮ್ಮೆ ಊದಿನಕಡ್ಡಿ ಬೆಳಗ್ತಾರ, ಚಾಲೂ ಮಾತ್ರ ಮಾಡಂಗಿಲ್ಲ. ನಾ ಐತವಾರಕ್ಕೊಮ್ಮೆ ಬೀಳಗಿ ಬಸ್ ಹತ್ತಿ ಪ್ರತಿಮಾನ ಅಂಗಡಿಗೆ ಹೋಗೂದು. ಮೌಸ್ ಹಿಡಿಯೂದು ಬರವಲ್ದು, ಬಾಣದ ಗುರುತು ಎಡಕ ಅಂದ್ರ ಬಲಕ ಓಡ್ತಿತ್ತು. ಒಂದು ದಿನ ಅದನ್ನ ಟೇಬಲ್ ಮ್ಯಾಲಿಂದ ಎತ್ತಿ ಗಾಳ್ಯಾಗ ತಿರುವಿದೆ. ಪ್ರತಿಮಾ ಬಾಯಿಗೆ ಸೆರಗು ಇಟಕೊಂಡು ನಕ್ಕಳು. ನಾ ಹುಡುಗರಿಗೆ ಎಷ್ಟು ಸಲ ‘ಇಷ್ಟೂ ಬರಂಗಿಲ್ಲೇನ್ಲೇ’ ಅಂದೀನೋ, ಎಲ್ಲಾ ಬಡ್ಡಿ ಕೂಡಿ ತಿರುಗಿ ಬಂತು.

ಫೋಟೋ ಎಲ್ಲಿಂದ ತರೂದು ಅನ್ನೂದು ದೊಡ್ಡ ಚಿಂತಿ ಇತ್ತು. ಆಮ್ಯಾಲ ನೆನಪಾತು. ಮುಳಗಡಿ ಸರ್ವೇದವರು ಬಂದಾಗ ಮನಿಗೊಂದು ನಂಬರ್ ಬರದು, ಆ ಮನಿ ಹಿರೇರನ್ನ ಬಾಗಲದಾಗ ನಿಂದರಿಸಿ, ಕೈಯಾಗ ನಂಬರಿನ ಪಾಟಿ ಕೊಟ್ಟು ಫೋಟೋ ತಗದಿದ್ರಲ್ಲಾ? ನೀ ಆವಾಗ ಊರಾಗ ಇರಲಿಲ್ಲ. ನಮ್ಮಂದಿ ಒಬ್ಬೊಬ್ಬರೂ ಆ ಫೋಟೋದ ಒಂದು ಪ್ರತಿ ಇಸಕೊಂಡು ಟ್ರಂಕಿನ್ಯಾಗ ಇಟ್ಟಾರ. ಜೀವಮಾನದಾಗ ಅದೊಂದ ಫೋಟೋ ತಗಸಿಕೊಂಡ ಮುದುಕ್ಯಾರು ಎಷ್ಟು ಮಂದಿ! ಮನಿ ಮನಿ ತಿರುಗಿ ಕೂಡಿಸಿದೆ. ನೂರಾ ನಲವತ್ಮೂರು ಸಿಕ್ಕವು. ನಮ್ಮ ಮನೀದೂ ಐತಿ, ಅರವತ್ತೇಳು. ಅವ್ವ ಪಾಟಿ ತಲಿಕೆಳಗ ಹಿಡದು ನಿಂತಾಳ. ಅವ್ವಂದು ಅದನ್ನ ಬಿಟ್ರ ಬ್ಯಾರೆ ಫೋಟೋನ ಇಲ್ಲಣ್ಣಾ.

ಓಣಿ ಪ್ರಕಾರ, ಒಂದರ ಬಾಜೂಕ ಒಂದು ಮನಿ ಜೋಡಿಸಿದ್ವಿ. ಅಲ್ಲೂ ತಕರಾರು. ಸಿದ್ದಕ್ಕ ಬಂದು ‘ನನ್ನ ಮನಿ ಆ ಶೇವಂತಿ ಮನಿ ಬಾಜೂಕ ಹಾಕಬ್ಯಾಡ’ ಅಂತಾಳ. ‘ಅಲ್ಲಬೇ, ಇದ್ದದ್ದ ಬಾಜೂಕ ಅಲ್ಲೇನು?’ ಅಂದ್ರ ‘ಇರ್ಲಿ, ಆಕಿ ಬಚ್ಚಲ ನೀರು ನನ್ನ ಅಂಗಳಕ್ಕ ಬಿಡ್ತಿದ್ಲು’ ಅಂತ. ಊರೀಗೆ ಊರ ನೀರಾಗ ಹೋಗೇತಿ, ಇಕಿಗೆ ಇನ್ನಾ ಬಚ್ಚಲ ನೀರಿನ ಜಗಳ! ನಾ ಜಗ್ಗಲಿಲ್ಲ. ಎಲ್ಲಿ ಇತ್ತೋ ಅಲ್ಲೇ ಹಾಕಿದೆ.

ಆಗಸ್ಟ್ ಕಡೀಕ ಆತು. ಒಂದು ಟಂಟಂ ಗಾಡಿ ತುಂಬ ಮಂದಿ ಪ್ರತಿಮಾನ ಅಂಗಡಿಗೆ ಬಂದ್ರು. ಒಂದೊಂದ ಮನಿ ತಗದು ತೋರಿಸಿದೆ. ಸಿದ್ದಕ್ಕನ ಮಾವ, ತೀರಿಕೊಂಡು ಆರು ವರ್ಷ ಆಗಿತ್ತು, ಪರದೆ ಮ್ಯಾಲ ಬಂದ ಕೂಡಲೇ ಆಕಿ ಗಬಕ್ಕನ ತಲಿ ಮ್ಯಾಲ ಸೆರಗು ಹೊತ್ತಕೊಂಡ್ಲು. ಯಾರೂ ನಗಲಿಲ್ಲ. ಪಾಂಡಪ್ಪ ಕಾಕಾ ತಮ್ಮ ಮನಿ ಮುಂದಿನ ಬೇವಿನ ಗಿಡ ನೋಡಿ ಕಣ್ಣೀರು ತಗದ್ರು. ನನಗ ಆವತ್ತು ಆದ ಹಿಗ್ಗು ನೌಕರಿ ಸಿಕ್ಕಾಗೂ ಆಗಿರಲಿಲ್ಲ.

ಖರೇ ಹೇಳಲೇನಣ್ಣಾ? ಊರಿಗಂತ ಮಾಡಿದೆ, ಹೌದು. ಆದ್ರ ಒಂದು ಮನಿ ನಿನಗಂತ ಮಾಡಿದೆ. ಅವ್ವನ ಮಣ್ಣಿಗೆ ನೀ ಸಿಗಲಿಲ್ಲ. ಊರಿನ ಫೋನ್ ಲೈನ್ ಕೆಟ್ಟಿತ್ತು, ನಿನಗ ಸುದ್ದಿ ತಡ ಆತು, ನೀ ಮರುದಿನ ಬಂದಿ. ಅವ್ವನ ಮಾರಿ ನೋಡಲಿಲ್ಲ. ಮಣ್ಣಿನ ಗುಪ್ಪಿ ಮುಂದ ಕುಂತು ಎದ್ದು ಹೋದಿ, ಮುಂದಿನ ಮಳಿಗಾಲದಾಗ ಆ ಗುಪ್ಪೀನೂ ನೀರಿಗೆ ಹೋತು. ಮಣ್ಣು ಮಾಡಿದ ಹೊಳಿದಂಡಿ ಹೊಲ ತಗ್ಗಿನ್ಯಾಗಿಂದು, ಅದು ಯಾವ ಬ್ಯಾಸಗ್ಯಾಗೂ ಮ್ಯಾಲ ಬರಂಗಿಲ್ಲ. ಅದಕ್ಕ, ನೀ ಒಮ್ಮೆ ಅವ್ವನ ಮಾರಿ ನೋಡಬೇಕು, ನೋಡಿದ್ರ ಈ ಮನಿ ಹೊಸ್ತಲಾ ತುಳೀತಿ ಅಂತ ನನಗೊಂದು ಆಸೆ. ಸೌಂದರ್ಯಾಗ ಕಾರ್ಡ್ ಹಾಕಿ ವೆಬ್‌ಸೈಟ್ ವಿಳಾಸ ಕಳಿಸಿದ್ದು ಅದಕ್ಕ. ‘ಅರವತ್ತೇಳನೇ ಮನಿ, ಅಪ್ಪಗ ತೋರ್ಸು’ ಅಂತ ಕೆಳಗ ಗೆರಿ ಎಳದಿದ್ದೆ.

ವಾರ ಬಿಟ್ಟು ಸೌಂದರ್ಯಾ ಫೋನ್ ಮಾಡಿದ್ಲು. ‘ಅತ್ತಿ, ಬರದದ್ದೆಲ್ಲಾ ಕಾಣ್ತೈತ್ರಿ. ಫೋಟೋ ಒಂದೂ ಇಲ್ಲ. ಬರೇ ಖಾಲಿ ಚೌಕ, ಮೂಲ್ಯಾಗ ಒಂದು ಕೆಂಪು ಗುರುತು’ ಅಂದ್ಲು. ನಾ ಹುಡುಗರ ತಪ್ಪು ಲೆಕ್ಕಕ್ಕ ಹಾಕ್ತೀನಲ್ಲಾ, ಆ ಗುರುತು. ಆಮ್ಯಾಲ ಧ್ವನಿ ಸಣ್ಣ ಮಾಡಿ ಹೇಳಿದ್ಲು, ‘ಅಪ್ಪಾರನ್ನ ನೆಟ್ ಅಂಗಡಿಗೆ ಕರಕೊಂಡು ಹೋಗಿದ್ದೆ ಅತ್ತಿ. ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ರು. ಚಷ್ಮಾ ಒರಸಕೊಂಡು ಕುಂತು ಆ ಖಾಲಿ ಚೌಕಾನ ಭಾಳ ಹೊತ್ತು ನೋಡಿದ್ರು. ಆಕಿ ಮುಚ್ಚಿಡಾಕೀನ ಬಿಡು ಅಂದು ಎದ್ದು ಹೋದ್ರು.’

ಆ ಮಾತು ನನಗ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಎರಡು ದಿನ ಅನ್ನ ಸೇರಲಿಲ್ಲ. ಪ್ರತಿಮಾನ ಅಂಗಡ್ಯಾಗ ಹೋಗಿ ನೋಡಿದ್ರ ಅವ್ವ ನಿಂತಾಳ, ಚೊಕ್ಕ! ಇಲ್ಲಿದ್ದಾಕಿ ಇಚಲಕರಂಜ್ಯಾಗ ಯಾಕಿಲ್ಲ? ಪ್ರತಿಮಾಗೂ ತಿಳೀಲಿಲ್ಲ. ಕಡೀಕ ಜಮಖಂಡಿ ಕಾಲೇಜಿನ್ಯಾಗ ಕಂಪ್ಯೂಟರ್ ಕಲಸೋ ಚಿದಾನಂದ ಅನ್ನವರ ಕಡೆ ಇಬ್ಬರೂ ಹೋದ್ವಿ. ಅವರು ನೋಡಿ ನಕ್ಕರು. ‘ಅಕ್ಕೋರ, ನೀವು ವೆಬ್‌ಸೈಟಿಗೆ ಕಳಿಸಿದ್ದು ಬರೇ ಬರವಣಿಗಿ. ಫೋಟೋ ಎಲ್ಲಾ ಇವರ ಅಂಗಡಿ ಕಂಪ್ಯೂಟರಿನ್ಯಾಗ ಉಳದಾವ. ಆ ಮಶೀನ್ ತನ್ನ ಹೊಟ್ಟ್ಯಾಗಿಂದು ತಾ ತೋರಸ್ತೈತಿ, ಹೊರಗಿನವರಿಗೆ ಎಲ್ಲಿಂದ ಕಾಣಬೇಕ್ರಿ?’ ಅಂದ್ರು. ಲಗ್ನಪತ್ರಿಕಿ ಹಂಚಿ ಮನಿಗೆ ಕೀಲಿ ಜಡದಂಗ ಆಗಿತ್ತು. ಟಂಟಂ ತುಂಬ ಬಂದ ಮಂದೀನೂ ಅದೇ ಅಂಗಡ್ಯಾಗ ನೋಡಿದ್ದಕ್ಕ ನಮಗ ಗೊತ್ತ ಆಗಿರಲಿಲ್ಲ.

ಆಮ್ಯಾಲ ಒಂದೊಂದ ಫೋಟೋ ಮ್ಯಾಲ ಏರಿಸಿದ್ವಿ. ಇಂಟರ್ನೆಟ್ ಲೈನ್ ಅಂದ್ರ ಎತ್ತಿನ ಗಾಡಿ. ನಡುವ ಕರೆಂಟ್ ಹೋದ್ರ ಮತ್ತ ಮೊದಲಿಂದ. ದೀಪಾವಳಿ ಸೂಟಿ ಅದಕ್ಕ ಹೋತು. ಈ ಸಲ ನಾ ಪ್ರತಿಮಾನ ಮಶೀನ್ ನಂಬಲಿಲ್ಲ. ಹೋದ ಐತವಾರ ಒಬ್ಬಾಕಿನ ಜಮಖಂಡಿಗೆ ಹೋಗಿ, ಬಸ್ ಸ್ಟ್ಯಾಂಡ್ ಬಾಜೂಕಿನ ಗುರ್ತಿಲ್ಲದ ನೆಟ್ ಅಂಗಡಿ ಹೊಕ್ಕು, ಕುರ್ಚಿ ಎಳಕೊಂಡು ಕುಂತು ಅರವತ್ತೇಳು ಒತ್ತಿದೆ. ಫೋಟೋ ಮ್ಯಾಲಿಂದ ಒಂದೊಂದ ಗೆರಿ ಬರಾಕತ್ತು. ಮೊದಲ ಮಾಳಿಗಿ ಅಂಚು. ಆಮ್ಯಾಲ ಸೆರಗು. ಹಣಿ ಮ್ಯಾಲಿನ ಇಬತ್ತಿ. ಕಣ್ಣು ಬರೂಮಟಾ ನಾ ಉಸುರು ಹಿಡದಿದ್ದೆ. ಬಂತು. ಅಂಗಡಿಯವ ‘ಯಾಕ್ರಿ, ಏನಾತ್ರಿ?’ ಅಂತ ನೀರು ತಂದು ಕೊಟ್ಟ. ನಮ್ಮವ್ವ ರೀ, ಅಂದೆ.

ಅಣ್ಣಾ, ಇನ್ನೊಮ್ಮೆ ಹೋಗಿ ಕುಂದರು. ಸೌಂದರ್ಯಾನ ಕರಕೊಂಡು ಹೋಗು. ಈ ಸಲ ಚೌಕ ಖಾಲಿ ಇಲ್ಲ. ಸಿಟ್ಟು ಇದ್ರ ಇರ್ಲಿ, ಸಿಟ್ಟು ಇಟಕೊಂಡ ನೋಡು. ಆಮ್ಯಾಲ ಬರೂದಾದ್ರ ಸಂಕ್ರಾಂತಿಗೆ ಬಾ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ ಮಾಡ್ತೇನಿ. ಬರಲಿಲ್ಲಂದ್ರೂ ನಾ ಏನೂ ಅನ್ನಂಗಿಲ್ಲ. ಅನ್ನಂಗಿಲ್ಲ ಅಂತ ಬರದೀನಿ, ಅಂದ್ರೂ ಅಂದೇನು.

ವೈನಿಗೆ ನಮಸ್ಕಾರ ಹೇಳು, ಮೊಣಕಾಲಿಗೆ ಎಣ್ಣಿ ತಿಕ್ಕೂದು ಬಿಡಬ್ಯಾಡ ಅನ್ನು. ಸೌಂದರ್ಯಾ ಛಲೋ ಓದಲಿ, ಬಸವಣ್ಣ ಆಕೀನ ತಣ್ಣಗ ಇಟ್ಟಿರಲಿ. ನಿನ್ನ ಬಿಪಿ ಗುಳಿಗಿ ತಪ್ಪಸಬ್ಯಾಡ.

ನಿನ್ನ ತಂಗಿ,
ಸಾವಿತ್ರಿ

ತಾ.ಕ.: ಪಾಕೀಟು ಅಂಟಿಸಿದ್ದೆ, ಮತ್ತ ಬಿಚ್ಚೇನಿ. ಮ್ಯಾಲ ಒಂದು ಸುಳ್ಳು ಬರದೀನಿ, ಅದನ್ನ ಹಂಗ ಕಳಸಾಕ ಕೈ ಬರವಲ್ದು. ಆವಾಗ ಫೋನ್ ಲೈನ್ ಕೆಟ್ಟಿರಲಿಲ್ಲಣ್ಣಾ. ಅವ್ವ ಐದು ದಿನ ಜ್ವರದಾಗ ಬಿದ್ದಿದ್ಲು. ನೀ ಒಂದು ವರ್ಷ ಊರ ಕಡೆ ಹಣಿಕಿ ಹಾಕಿರಲಿಲ್ಲ, ನನ್ನ ಸಿಟ್ಟು ನೆತ್ತಿಗೇರಿತ್ತು. ಕರೀಲಾರದ ಬರ್ಲಿ, ನಾ ಯಾಕ ಕರೀಲಿ ಅಂತ ಹಟಾ ಹಿಡದೆ. ಸಾಯೂ ಜ್ವರ ಅಂತ ತಿಳೀಲಿಲ್ಲ, ಅವ್ವನ ಆಣಿ ತಿಳೀಲಿಲ್ಲ. ಅವ್ವ ಹೋದಮ್ಯಾಲ ಹೆದರಿ, ಲೈನ್ ಕೆಟ್ಟದ್ದು ಖರೇ ಅನಸ್ಲಿ ಅಂತ ಯಮನಪ್ಪನ್ನ ಸೈಕಲ್ ಮ್ಯಾಲ ಬೀಳಗಿಗೆ ಕಳಿಸಿ ನಿನಗ ಫೋನ್ ಮಾಡಿಸಿದೆ. ಮುಚ್ಚಿಡಾಕಿ ಅಂತ ನೀ ಅಂದದ್ದು ಬರೋಬ್ಬರಿ ಐತಿ, ನೀ ಕುಂತು ನೋಡಿದ ಆ ಚೌಕದ ಮಟ್ಟಿಗಷ್ಟ ತಪ್ಪು. ಅವ್ವ ದಿನಾ ಮುಂಜಾನೆ ‘ಬಸೂಗ ಹೇಳೀಯೇನ?’ ಅಂತ ಕೇಳ್ತಿದ್ಲು. ಹೇಳೇನಿ, ಹೊಂಟಾನ ಅಂತಿದ್ದೆ. ಕಡೀ ದಿನ ಕೇಳಿದಾಗ, ಬಸ್ ಹತ್ಯಾನ ಬೇ, ಚಿಕ್ಕೋಡಿ ದಾಟಿರಬೇಕು ಅಂದೆ. ‘ಹಂಗಾದ್ರ ಅವಂಗೊಂದು ರೊಟ್ಟಿ ತಗದಿಡು’ ಅಂದ್ಲು. ಅವ್ವ ನಿನ್ನ ಮ್ಯಾಲ ಸಿಟ್ಟಿಲೆ ಹೋಗಲಿಲ್ಲಣ್ಣಾ. ನೀ ಬಸ್ಸಿನ್ಯಾಗ ಅದೀ ಅಂತ ತಿಳಕೊಂಡ ಹ್ವಾದ್ಲು.